ಇಪ್ಪತ್ತೇಳು ಬಾವಿಗಳ ಬಳಗ

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಳಗದ ಉಳಿದ ಇಪ್ಪತ್ತಾರು ಬಾವಿಗಳ ನೀರಿನ ಮಟ್ಟ ತೇಜಸ್ವಿನಿಯ ಫೋನಿನಲ್ಲಿ ಸಾಲಾಗಿ ಬಂದು ನಿಂತಿತು. ಕೋಲಾರದ್ದು ಮೂವತ್ತೊಂದು ಅಡಿ, ಹುನಗುಂದದ್ದು ಹದಿನೆಂಟೂವರೆ, ವಿಜಯಪುರದ ತಬಸ್ಸುಮ್‌ಳದ್ದು ಹದಿನಾಲ್ಕು. ಒಬ್ಬರೂ ತಡ ಮಾಡಿರಲಿಲ್ಲ. ಇದಕ್ಕೆ ಸಂತೋಷಪಡಬೇಕಾದ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ.

ತೇಜಸ್ವಿನಿ ಚಿತ್ರದುರ್ಗದ ನಿವೃತ್ತ ಶಿಕ್ಷಕಿ. 2056ರ ಹೊತ್ತಿಗೆ ಮನೆಮನೆಗೂ ಮೀಟರಿನ ನೀರು ಬಂದು, ಬಾವಿಗೆ ಇಣುಕುವವರೇ ಇರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ದಿನವೂ ಆಳ ನೋಡುವ ಹುಚ್ಚು ಇಡೀ ರಾಜ್ಯದಲ್ಲಿ ಇಪ್ಪತ್ತೇಳು ಮಂದಿಗೆ ಉಳಿದಿತ್ತು. ಮನೆಯವರಿಗೆ ಬೇಡವಾದ ಮಾತನ್ನೆಲ್ಲ ಅವರು ಹದಿನಾರು ವರ್ಷಗಳಿಂದ ಈ ಆನ್‌ಲೈನ್ ಬಳಗದಲ್ಲಿ ಆಡಿಕೊಂಡಿದ್ದರು. ಬಳಗದ ನಿಯಮ ಎರಡೇ. ಅಳೆಯದ ದಿನ ಊಹೆ ಬರೆಯುವಂತಿಲ್ಲ, ‘ಇವತ್ತು ನೋಡಿಲ್ಲ’ ಎಂದು ಒಪ್ಪಿಕೊಳ್ಳಬೇಕು. ಹತ್ತು ಗಂಟೆಯಾದರೂ ಸುದ್ದಿಯಿಲ್ಲವೆಂದರೆ ಯಾರಾದರೊಬ್ಬರು ಫೋನ್ ಮಾಡಬೇಕು. ಗಂಡ ತೀರಿಕೊಂಡ ವಾರ ತೇಜಸ್ವಿನಿಗೆ ದಿನವೂ ಹತ್ತು ಗಂಟೆ ಒಂದು ನಿಮಿಷಕ್ಕೆ ಫೋನ್ ಮಾಡಿದವಳು ತಬಸ್ಸುಮ್. ಅವರಿಬ್ಬರೂ ಇಂದಿನವರೆಗೆ ಮುಖಾಮುಖಿ ಭೇಟಿಯಾಗಿಲ್ಲ.

ಬಳಗದ ಕಿರಿಯ ಸದಸ್ಯ, ದಾವಣಗೆರೆಯ ವಿಜ್ಞಾನಿ ಲೋಹಿತ್, ಮೂರು ತಿಂಗಳ ಹಿಂದೆ ‘ಪ್ರತಿವಾಣಿ’ಯನ್ನು ತಂದಿದ್ದ. ಅದು ಒಬ್ಬರ ಹಳೆಯ ಬರಹಗಳನ್ನೆಲ್ಲ ಓದಿ ಅವರ ಮಾತಿನ ವರಸೆ ಕಲಿಯುವ ಯಂತ್ರಬುದ್ಧಿ. ಮಳೆ, ಅಂತರ್ಜಲ, ಸುತ್ತಲಿನ ಬೋರ್‌ವೆಲ್‌ಗಳ ಲೆಕ್ಕ ಹಿಡಿದು ಬಾವಿಯ ಮಟ್ಟವನ್ನೂ ಹೇಳುತ್ತಿತ್ತು. ಊರಿಗೆ ಹೋದಾಗ ಹಚ್ಚಿಟ್ಟರೆ ನಿಮ್ಮ ಪರವಾಗಿ ಅದೇ ಬರೆಯುತ್ತದೆ, ಬಳಗ ಬಿಕೋ ಎನ್ನುವುದಿಲ್ಲ. ಯಂತ್ರ ಬರೆದದ್ದಕ್ಕೆ ಗುರುತು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮವರು ನಮ್ಮವರಿಗೇ ಮೋಸ ಮಾಡುತ್ತಾರೆಯೇ?

ಆದರೆ ನಲವತ್ತು ದಿನಗಳಿಂದ ಒಬ್ಬರೂ ‘ನೋಡಿಲ್ಲ’ ಎಂದು ಬರೆದಿರಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗಾದರೂ ನೆಗಡಿಯಾಗಬೇಡವೇ? ಆಕೆ ಲೋಹಿತನಿಗೆ ಫೋನ್ ಮಾಡಿದಳು.

“ಎಷ್ಟು ಜನ ಅದನ್ನ ಹಚ್ಚಿಟ್ಟಿದಾರಪ್ಪ?”

“ಅದನ್ನ ಹೇಳೋ ಹಾಗಿಲ್ಲ ಮೇಡಂ.”

“ನಾನು ಹೆಸರು ಕೇಳ್ತಿಲ್ಲ.”

“ಇಪ್ಪತ್ತಾರು,” ಎಂದ ಲೋಹಿತ್. “ನೀವೊಬ್ರೇ ಈಗ ಕೈಯಾರೆ ಬರೀತಿರೋದು. ಆದ್ರೆ ನೋಡಿ ಮೇಡಂ, ಅಳತೆ ಒಂದು ಅಂಗುಲನೂ ತಪ್ಪಿಲ್ಲ.”

“ನಾವು ಸೇರಿದ್ದು ಅಳತೆಗಲ್ಲಪ್ಪ,” ಎಂದು ಆಕೆ ಫೋನ್ ಇಟ್ಟಳು.

ಕೂಡಲೇ ತಬಸ್ಸುಮ್‌ಳ ನಂಬರು ಒತ್ತಿದಳು. ಮೂರನೆಯ ಸಲಕ್ಕೆ ಆಕೆ ಎತ್ತಿದಳು.

“ಬಿದ್ದಿದ್ದೆರೀ ಅಕ್ಕಾರ, ಬಾವಿ ಮೆಟ್ಟಲ ಮ್ಯಾಲೆ. ಸೊಂಟದ ಎಲುಬು ಮುರೀತು. ನಲವತ್ತು ದಿನಾತು.”

“ಒಂದು ಮಾತು ತಿಳಿಸಬಾರದಿತ್ತೇನೆ?”

“ನಾ ಇಲ್ಲಂದ್ರ ನೀವೆಲ್ಲಾ ಗಾಬರಿ ಆಗ್ತೀರಂತ ದವಾಖಾನಿಗೆ ಹೋಗೂ ಮುಂದ ಅದನ್ನ ಹಚ್ಚಿದೆ. ಹಚ್ಚಿ, ಯಾರರೆ ಫೋನ್ ಮಾಡ್ತಾರಂತ ಕಾಯ್ಕೋತ ಕುಂತೆ. ಹುಚ್ಚಿ ಅಲ್ರೀ ನಾ?”

ತೇಜಸ್ವಿನಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಆಪರೇಶನ್ ಆದ ಮರುದಿನ ಬಳಗ ತೆರದು ನೋಡಿದೆ,” ಎಂದಳು ತಬಸ್ಸುಮ್. “ನಮ್ಮ ಬಾವ್ಯಾಗಿನ ಆಮಿ ಮುನಿಸ್ಕೊಂಡು ಚಿಪ್ಪಿನ್ಯಾಗ ಕುಂತದ ಅಂತ ನನ್ನ ಹೆಸರಿನ್ಯಾಗ ಬಂದಿತ್ತು. ನಿನ್ನ ಲೆಕ್ಕ ತಪ್ಪಂತ ಅದಕ್ಕೂ ಗೊತ್ತಾಗೇದ ಅಂತ ನೀವು ಬರದಿದ್ರಿ. ಎಲ್ಲಾರೂ ನಕ್ಕಿದ್ರು. ಅಕ್ಕಾಗ ನಾ ಇಲ್ಲದ್ದು ಗೊತ್ತೇ ಆಗಿಲ್ಲಂತ ಅತ್ತುಬಿಟ್ಟೆ.”

ಆ ವಾರ ತೇಜಸ್ವಿನಿ ತುಮಕೂರಿನ ಮಗಳ ಮನೆಯಲ್ಲಿದ್ದಳು. ಹತ್ತು ದಿನ ತಾನೂ ಪ್ರತಿವಾಣಿ ಹಚ್ಚಿದ್ದಳು. ಹಿಂದಿರುಗಿ ಬಂದ ಮೇಲೆ ಆ ತಮಾಷೆಯನ್ನು ಓದಿ, ಯಂತ್ರ ತನಗಿಂತ ಚುರುಕೆಂದು ಮೆಚ್ಚಿಕೊಂಡಿದ್ದಳು ಕೂಡ. ಹೇಳದೆ ಇದ್ದುಬಿಡಬಹುದಿತ್ತು. ಹೇಳಿದರೆ ಹದಿನಾರು ವರ್ಷದ ಸ್ನೇಹ ಉಳಿಯುವುದೋ ಹೋಗುವುದೋ ತಿಳಿಯದು.

“ಅದು ನಾನಲ್ಲ ಕಣೇ,” ಎಂದಳು. “ನಾನೂ ಊರಲ್ಲಿರಲಿಲ್ಲ.”



“ಹಂಗಾದ್ರ ಅವತ್ತು ಅಲ್ಲಿ ಯಾರಿದ್ರರೀ?”

ನಾಳೆ ಮಧ್ಯಾಹ್ನದೊಳಗೆ ವಿಜಯಪುರದಲ್ಲಿರುತ್ತೇನೆ ಎಂದಳು ತೇಜಸ್ವಿನಿ. ಬರ್ರಿ ಎಂದೂ ಅನ್ನದೆ, ಬ್ಯಾಡ ಎಂದೂ ಅನ್ನದೆ ತಬಸ್ಸುಮ್ ಫೋನ್ ಇಟ್ಟಳು.

ಅಷ್ಟರಲ್ಲಿ ಲೋಹಿತನ ಸಂದೇಶ ಬಂತು: ಪ್ರತಿವಾಣಿ ಆಗೊಮ್ಮೆ ಈಗೊಮ್ಮೆ ಮನುಷ್ಯರ ಹಾಗೆ ತಾನಾಗಿ ಸುಮ್ಮನಿರುವಂತೆಯೂ ಮಾಡಬಹುದು. ಆಕೆ ಫೋನನ್ನು ಮೇಜಿನ ಮೇಲಿಟ್ಟಳು. ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತ, ಹುಡುಗನ ಮೇಲೆ ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಇದನ್ನು ಶುರು ಮಾಡಿದವನು ಅವನಲ್ಲ. ಆಕೆಗೆ ಮೂವತ್ತು ತುಂಬುವ ಮೊದಲೇ ಫೋನುಗಳು, ಬಂದ ಸಂದೇಶದ ಕೆಳಗೆ ಮೂರು ಸಿದ್ಧ ಉತ್ತರಗಳನ್ನು ಜೋಡಿಸಿ ಕೊಡಲು ಕಲಿತಿದ್ದವು. ಒಮ್ಮೆ ಬಸ್ಸು ಹತ್ತುವ ಅವಸರದಲ್ಲಿ, ಗೆಳತಿಯೊಬ್ಬಳು ತನ್ನ ತಾಯಿ ಹೋದರೆಂದು ಬರೆದಾಗ, ತೇಜಸ್ವಿನಿ ಅವುಗಳಲ್ಲಿ ಒಂದನ್ನು ಒತ್ತಿದ್ದಳು. ಯಾವುದನ್ನು ಎಂದು ಈಗ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.