ತೋಟವನ್ನೇ ಮೇಯ್ದ ತೋಟಗಾರ

ತೋಟಗಾರನೊಬ್ಬ ತಾನೇ ಬೆಳೆಸಿದ ತೋಟವನ್ನು ಒಂದೇ ಬೆಳಗಿನಲ್ಲಿ ತಿಂದುಬಿಟ್ಟ. ಏಕಿರಬಹುದು, ಊಹಿಸಿ ನೋಡೋಣ? ಬರಗಾಲವೇ? ಅಲ್ಲ. ಹುಚ್ಚೇ? ಅದೂ ಅಲ್ಲ. ಸೋತಿರಿ ತಾನೆ? ಹಾಗಾದರೆ ಕೇಳಿ.

ಬಹಳ ಹಿಂದೆ, ಸೋನೆಗಿರಿಯೆಂಬ ರಾಜ್ಯದಲ್ಲಿ, ಮಾಳಿಂಗನೆಂಬ ತೋಟಗಾರನಿದ್ದ. ದೊಡ್ಡದೊಂದು ಗೋಣಿಮರದ ಕೆಳಗೆ, ಬಿಸಿಲು ಚುಕ್ಕೆಚುಕ್ಕೆಯಾಗಿ ಮಾತ್ರ ಬೀಳುವ ಕಡೆ, ಅವನ ತೋಟ. ಅಲ್ಲಿದ್ದದ್ದು ಒಂದೇ ಜಾತಿಯ ಗಿಡ. ನಮ್ಮ ನರ್ಸರಿಯವರು ಅದನ್ನು ಹೋಸ್ಟಾ ಎನ್ನುತ್ತಾರೆ, ಅಲ್ಲಿನವರು ನೆರಳೆಲೆ ಎನ್ನುತ್ತಿದ್ದರು. ಮೊರದಗಲದ ಎಲೆ, ನೀಲಿ ಬೆರೆತ ಹಸಿರು, ಅಂಚಿಗೆ ಕೆನೆಬಣ್ಣದ ಜರಿ. ಆಹಾ, ನೋಡಬೇಕು ನೀವು!

ಒಂದು ಶ್ರಾವಣದಲ್ಲಿ ರಾಜ ಈ ತೋಟಕ್ಕೆ ಮೊದಲ ಬಹುಮಾನ ಕೊಟ್ಟ. ಎರಡನೆಯದು ಬಿಸಿಲುಮಾರನ ಸೂರ್ಯಕಾಂತಿ ತೋಟಕ್ಕೆ. ಈ ಬಿಸಿಲುಮಾರ ಮಾಂತ್ರಿಕ. ಅವನ ಮಂತ್ರಕ್ಕೆ ಬಲ ಬರುವುದೇ ಬಿಸಿಲಿನಿಂದ. ನೆರಳೆಂದರೆ ಹಾವು ಕಂಡಂತೆ ಹಾರುವವನು.

“ಸೊಪ್ಪಿಗೆ ಸನ್ಮಾನವೇ? ಸೊಪ್ಪಾದರೆ ಮೇಯಿ ಹೋಗು!” ಎಂದು ಕಿರುಚಿ, ಮಾಳಿಂಗನ ಮೇಲೆ ಮಂತ್ರದ ನೀರು ಎರಚಿದ.

ಮಾಳಿಂಗ ಜಿಂಕೆಯಾದ. ಜಿಂಕೆಗೆ ನೆರಳೆಲೆಯೆಂದರೆ ನಮಗೆ ತುಪ್ಪ ಹಾಕಿದ ಹೋಳಿಗೆಯಿದ್ದಂತೆ. ಅವನು ಅಳುತ್ತ ಅಳುತ್ತ ಸಾಲುಸಾಲನ್ನೇ ಮೇಯ್ದ. ಕೊನೆಯ ಗಿಡಕ್ಕೆ ಬಾಯಿ ಹಾಕುವಷ್ಟರಲ್ಲಿ ಹೆಂಡತಿ ಹೊನ್ನವ್ವ ಓಡಿಬಂದು, ಅದರ ಮೇಲೆ ಮಂಕರಿ ಬೋರಲು ಹಾಕಿ, ಮಂಕರಿಯ ಮೇಲೆ ತಾನೇ ಕುಳಿತಳು. ಮದುವೆಯಾಗಿ ಬಂದು ಇನ್ನೂ ನಾಲ್ಕೇ ತಿಂಗಳಾಗಿತ್ತು ಅವಳಿಗೆ.

ಶಾಪ ಕೊಟ್ಟವನು ವಿಮೋಚನೆಯನ್ನೂ ಹೇಳಬೇಕೆಂಬುದು ಆ ರಾಜ್ಯದ ಕಾನೂನು. ಬಿಸಿಲುಮಾರ ಹಲ್ಲು ಕಡಿಯುತ್ತ ಹೇಳಿದ: “ಬರುವ ಚೈತ್ರ ಶುದ್ಧ ಪಂಚಮಿಯೊಳಗೆ ಈ ಗಿಡ ಹೊಸ ಎಲೆ ಬಿಚ್ಚಬೇಕು. ಆ ಎಲೆಯ ಮೇಲಿನ ಇಬ್ಬನಿ ಆರುವ ತನಕ ಇವನು ಬಾಯಿ ಹಾಕದೆ ಎದುರಿಗೇ ನಿಲ್ಲಬೇಕು. ಯಾರೂ ಹಿಡಿಯಕೂಡದು. ಅಲ್ಲಿಯವರೆಗೆ ದಿನಕ್ಕಿಷ್ಟು ಮಾತು ಮರೆಯುತ್ತಾನೆ. ಪಂಚಮಿ ಕಳೆದರೆ ಪೂರ್ತಿ ಜಿಂಕೆ!”

ಭಾದ್ರಪದದ ಮಳೆಯಲ್ಲಿ ಎತ್ತಿನ ಗಾತ್ರದ ಬಸವನಹುಳವೊಂದು ತೆವಳುತ್ತ ಬಂತು. ಬೇಲಿಯಾಚೆ ಉಪ್ಪು ಮಾರುವವನೊಬ್ಬ ಕೂಗಿದ: “ತಾಯಿ, ಉಪ್ಪು ಸುರಿ, ಕರಗಿಹೋಗುತ್ತೆ!”

“ಉಪ್ಪು ಬೇರಿಗೂ ಇಳಿಯುತ್ತೆ ಹೊನ್ನಿ,” ಎಂದ ಜಿಂಕೆ. ಆಗಿನ್ನೂ ಮಾತು ಬೇಕಾದಷ್ಟಿತ್ತು. “ಒಂದು ಕೊಡ ಹೆಂಡ ಇಟ್ಟುಬಿಡು.”

ಹೊನ್ನವ್ವ ಹೆಂಡವಿಟ್ಟಳು. ಹುಳ ಮೂಸಿತು, ಕುಡಿಯಿತು, “ಇನ್ನೊಂದು ಕೊಡ ಇದೆಯೇನವ್ವ?” ಎಂದು ಕೇಳಿ ಚಿಪ್ಪಿನೊಳಗೆ ಮಲಗಿತು. ಉಪ್ಪಿನವನು ಉಗಿದು ಹೋದ.

ಕಾರ್ತಿಕದಲ್ಲಿ ಬೆಂಕಿಕೊಕ್ಕಿನ ಗಿಳಿಗಳು ಬಂದು ಗೋಣಿಮರದ ಎಲೆಗಳನ್ನೆಲ್ಲ ಸುಟ್ಟವು. ಬಿಸಿಲು ಸುರಿಯಿತು. ನೆರಳೆಲೆಯ ಅಂಚು ಕಂದಿತು. ಬೇಲಿಯಾಚೆ ಪಂಡಿತನೊಬ್ಬ, “ಸ್ವಲ್ಪ ಬಿಸಿಲು ಕಾಯಲಿ ಬಿಡು ತಾಯಿ, ಅದಕ್ಕೂ ಜೀವ ಬೇಡವೇ?” ಎಂದ.

ಹೊನ್ನವ್ವ ತನ್ನ ಧಾರೆ ಸೀರೆಯನ್ನೇ ಗಿಡದ ಮೇಲೆ ಚಪ್ಪರವಾಗಿ ಕಟ್ಟಿದಳು. ಬಿಸಿಲು ಸೀರೆಯನ್ನೂ ಸುಟ್ಟಿತು. ಆಗ ಜಿಂಕೆ ತಾನೇ ಬಂದು ಗಿಡದ ಮೇಲೆ ಅಡ್ಡ ನಿಂತ. ಮುಖ ಆಚೆ ತಿರುಗಿಸಿ, ಮೂಗು ಬಿಗಿಹಿಡಿದು, ಮರ ಚಿಗುರುವವರೆಗೆ ಒಂಬತ್ತು ಹಗಲು ನೆರಳಾದ. “ರೀ, ಕಾಲು ನೋಯುತ್ತಾ?” ಎಂದರೆ, “ಹೂಂ. ಹಸಿವು,” ಎಂದಷ್ಟೇ ಅಂದ. ಮಾತು ಸವೆಯುತ್ತಿತ್ತು.

ಪುಷ್ಯದ ಚಳಿ ಬಂತು. ಒಂದು ಬೆಳಗ್ಗೆ ನೋಡುತ್ತಾಳೆ, ಎಲೆಗಳೆಲ್ಲ ಹಳದಿ. ಮೂರನೆಯ ದಿನ ಕೊಳೆತು ನೆಲಕ್ಕಂಟಿದವು. ಎಂಟನೆಯ ದಿನ ಅಲ್ಲಿ ಬರಿಯ ಮಣ್ಣು.

ಹೊನ್ನವ್ವ ಜಿಂಕೆಯ ಬಳಿ ಓಡಿದಳು. “ರೀ, ಸತ್ತೇಹೋಯಿತೇ? ಹೇಳ್ರೀ!”

ಜಿಂಕೆ ಬಾಯಿ ತೆರೆದ. ಬೇಕಾದ ಮಾತು ಬರಲಿಲ್ಲ. ಬರಿಮಣ್ಣಿನ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿದ. ಎದ್ದ. ಮತ್ತೆ ಮಲಗಿ ಕಣ್ಣು ಮುಚ್ಚಿದ. ಅಯ್ಯೋ, ಇವನೂ ಸಾಯುತ್ತಿದ್ದಾನೆಂದು ಅವಳು ಅವನ ಕೊರಳನ್ನು ಅಪ್ಪಿಕೊಂಡಳು.

ಬೇಲಿಯಾಚೆ ಅಜ್ಜಿಯೊಬ್ಬಳು ಬಂದು ನಿಂತಳು. “ಅಗೆದು ನೋಡೇ ಮಗಳೇ. ಇದೆಯೋ ಇಲ್ಲವೋ ಗೊತ್ತಾಗುತ್ತೆ. ಸುಮ್ಮನೆ ಎಷ್ಟು ದಿನ ಸಂಕಟಪಡ್ತೀಯ?”

“ನೆರಳಿಗೆ ಬಾ ಅಜ್ಜಿ, ಕೂತು ಮಾತಾಡು.”

“ಬೇಡವ್ವ, ನನಗೆ ಚಳಿ.”

ಒಂದು ದಿನ ತಡೆದಳು, ಎರಡು ದಿನ ತಡೆದಳು. ಮೂರನೆಯ ದಿನ ಕಳೆಗುದ್ದಲಿ ಹಿಡಿದು ಅಗೆದೇಬಿಟ್ಟಳು. ಬಿಳಿಯ ಮೊಳಕೆಯೊಂದು ಟಕ್ಕನೆ ಮುರಿಯಿತು. ಬೇಲಿಯಾಚೆ ಕಾದಿದ್ದ ಅಜ್ಜಿ ಗಂಡುದನಿಯಲ್ಲಿ ನಕ್ಕು ಬಿಸಿಲಿನಲ್ಲಿ ಕರಗಿದಳು.

ಮುರಿದದ್ದನ್ನು ಅಂಗೈಯಲ್ಲಿಟ್ಟುಕೊಂಡು ಹೊನ್ನವ್ವ ಅತ್ತಳು. ಅದು ಕೊಳೆತಿರಲಿಲ್ಲ, ಗಟ್ಟಿಯಾಗಿ, ತಣ್ಣಗೆ, ಜೀವ ತುಂಬಿಕೊಂಡಿತ್ತು. ಆಗ ಅರ್ಥವಾಯಿತು. ಗಿಡ ಮಲಗಿದೆ, ಸತ್ತಿಲ್ಲ. ಗಂಡ ಎರಡು ಸಲ ಮಲಗಿ ತೋರಿಸಿದ್ದು ಅದನ್ನೇ. ಮಣ್ಣಿನೊಳಗೆ ಅಕ್ಕಿಕಾಳಿನಷ್ಟು ಇನ್ನೊಂದು ಮೊಳಕೆಯಿತ್ತು. ಅದನ್ನು ಮುಚ್ಚಿದಳು. ಆಮೇಲೆ ಮುಟ್ಟಲಿಲ್ಲ.

ಮುಟ್ಟದೆ ಇರುವುದು ಎಷ್ಟು ಕಷ್ಟವೆಂದು ಗಿಡ ಬೆಳೆಸಿದವರಿಗೇ ಗೊತ್ತು. ಮಾಘ ಹೋಯಿತು, ಫಾಲ್ಗುಣ ಹೋಯಿತು. ಜಿಂಕೆಗೆ “ಹೊನ್ನಿ” ಎಂಬ ಒಂದೇ ಮಾತು ಉಳಿಯಿತು. ಪಾಡ್ಯದಂದು ಮಣ್ಣು ಬಿರಿಯಿತು. ತದಿಗೆಗೆ ಸುರುಳಿ ಸುತ್ತಿದ ಎಲೆ ಮೇಲೆದ್ದಿತು. ಪಂಚಮಿಯ ಬೆಳಗ್ಗೆ ಬಿಚ್ಚಿಕೊಂಡಿತು, ಮೈತುಂಬ ಇಬ್ಬನಿ.

ಜಿಂಕೆ ಎದುರಿಗೆ ನಿಂತ. ಜೊಲ್ಲು ಸುರಿಯಿತು. ಮೂತಿ ಒಂದು ಗೇಣು ಮುಂದೆ ಹೋಯಿತು, ಇನ್ನೊಂದು ಗೇಣು ಹೋಯಿತು. ಹೊನ್ನವ್ವ ಹಿಡಿಯುವಂತಿಲ್ಲ, ತನ್ನ ಕೈಗಳನ್ನೇ ತಾನು ಹಿಡಿದುಕೊಂಡಳು. ತುಟಿ ಎಲೆಗೆ ತಾಗುವಷ್ಟರಲ್ಲಿ ಜಿಂಕೆ “ಹೊನ್ನಿ” ಎಂದು ಮುಖ ತಿರುಗಿಸಿದ.

“ತಿನ್ನೋ ಮೂರ್ಖ, ತಿನ್ನೋ!” ಬೇಲಿಯಾಚೆ ಬಿಸಿಲುಮಾರ ಕುಣಿದಾಡಿದ. ತಡೆಯಲಾರದೆ, ಎಲೆ ಕಿತ್ತು ಜಿಂಕೆಯ ಬಾಯಿಗೆ ತುರುಕಲು ಬೇಲಿ ಹಾರಿ ಓಡಿಬಂದ. ಮರದಡಿಗೆ ಬಂದದ್ದೇ ತಡ, ಚಿಗುರಿದ ಗೋಣಿಮರದ ನೆರಳು ಅವನ ಮೈಮೇಲೆ ಬಿತ್ತು. ಮಂತ್ರವೆಲ್ಲ ಹಬೆಯಾಗಿ ಹೋಯಿತು. ಉಳಿದದ್ದು ಕೆಮ್ಮುವ ಬೋಳುತಲೆಯ ಮುದುಕನೊಬ್ಬ.

ಎಲೆಯ ಮೇಲಿನ ಕಡೆಯ ಹನಿ ಆರಿತು. ಮಾಳಿಂಗ ಎರಡು ಕಾಲಿನ ಮೇಲೆ ನಿಂತ.

“ಹೊನ್ನಿ,” ಎಂದ, “ಆ ಮುರಿದ ಮೊಳಕೆಯ ವಿಚಾರ ಆಮೇಲೆ ಮಾತಾಡೋಣ.”

“ಮೊದಲು ಉಣ್ಣಿ. ಬೈಯಲಿಕ್ಕೂ ಬಲ ಬೇಕು,” ಎಂದಳು ಅವಳು, ಅಳುತ್ತ ನಗುತ್ತ.

ಒಂದು ಗಿಡ ಎಂಟಾಯಿತು, ಎಂಟು ಎಂಬತ್ತಾಯಿತು. ಮುದುಕನಿಗೆ ಅದೇ ತೋಟದಲ್ಲಿ ಕಳೆ ಕೀಳುವ ಕೆಲಸ ಸಿಕ್ಕಿತು; ನೆರಳಿನಲ್ಲಿ ಕೂತು ಕೀಳುತ್ತ, ತಂಪಾಗಿದೆಯಪ್ಪ ಎನ್ನುತ್ತಿದ್ದನಂತೆ. ಎಲ್ಲರೂ ಚೆನ್ನಾಗಿ ಬಾಳಿದರು.

ಇದೆಲ್ಲ ಯಾವಾಗ ಎನ್ನುತ್ತೀರಾ? ಮಾಳಿಂಗ ಮತ್ತೆ ಮನುಷ್ಯನಾದದ್ದು ಚಿತ್ರಭಾನು ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಬುಧವಾರ, ಬೆಳಗ್ಗೆ.