ಪದ್ದಲೆಯ ಶಂಖಕ್ಕೆ ಬಾರದ ಹಾಡು

ಬಹಳ ಹಿಂದೆ, ಮೋಡಗಳೂ ಅಪ್ಪಣೆ ಕೇಳಿ ದಾಟುತ್ತಿದ್ದ ಕಂಕಣಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಕೋಣೆಕೋಣೆಯಲ್ಲೂ ಒಂದೊಂದು ಮಾತಾಡುವ ಶಂಖ. ಅವುಗಳಿಂದ ಹೊರಟ ಬೆಳ್ಳಿಯ ಎಳೆಗಳೆಲ್ಲ ಅಂಗಳದ ತಾಮ್ರದ ಕಂಬಕ್ಕೆ ಸೇರುತ್ತಿದ್ದವು. ಕಂಬದಿಂದ ಒಂದೇ ಎಳೆ ಹೊರಗೆ ಬೆಟ್ಟಕ್ಕೆ ಹೋಗುತ್ತಿತ್ತು. ಪ್ರತಿ ಶಂಖಕ್ಕೂ ಒಂದು ಹೆಸರು. ಯಾವ ಹೆಸರು ಹಿಡಿದು ಕರೆದರೆ ಆ ಹೆಸರಿನ ಶಂಖಕ್ಕೆ ದನಿ ತಲುಪುತ್ತಿತ್ತು.

ಧೂಮಕನೆಂಬ ಮಾಂತ್ರಿಕ ಪುಟ್ಟ ರಾಜಕುಮಾರಿ ಪದ್ದಲೆಗೆ ಎಚ್ಚರವಾಗದ ನಿದ್ದೆ ಕವಿಸಿದ್ದ. ಅದನ್ನು ಕಳೆಯಲು ದಿನಾ ಸಂಜೆ ಬೆಟ್ಟದ ನಾಗಿಯಜ್ಜಿ ಶಂಖದಲ್ಲಿ ಹಾಡಬೇಕು. ಹೊತ್ತು ಮುಳುಗುವುದರೊಳಗೆ ಹಾಡು ಮಗುವಿನ ಕಿವಿಗೆ ಬೀಳದಿದ್ದರೆ ಉಸಿರು ನಿಲ್ಲುತ್ತದೆ. ಅಂದು ಕೊನೆಯ ಹಾಡು; ಅದು ಕೇಳಿದರೆ ನಿದ್ದೆಯೂ ಹರಿದು, ಅದನ್ನು ಕವಿಸಿದವನೂ ಅಳಿಯುತ್ತಾನೆ. ಅಂದೇ ಮಗುವಿನ ಶಂಖ ಮೂಕವಾಯಿತು.

ಸೇನಾಪತಿ ಮೀಸೆ ತಿರುವಿ, ಇದು ಧೂಮಕನದೇ ಕೆಲಸ, ದಂಡು ಹೊರಡಲಿ ಎಂದ. ಅವನಿಗೆ ಹಲ್ಲುನೋವು ಬಂದರೂ ದಂಡೇ ಹೊರಡಬೇಕು. ಪದ್ದಲೆಯ ಅಣ್ಣ ಇಂದುಧರ ಮಾತ್ರ, ಮೊದಲು ಎಲ್ಲಿ ಕೆಟ್ಟಿದೆ ನೋಡೋಣ ಎಂದು ಹೊರಟ.

ಮಗುವಿನ ಶಂಖದ ಎಳೆಯನ್ನು ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದ. ಸದ್ದಿಲ್ಲ. ಬಿಸಿಲು ಕಿಟಕಿ ಬಿಟ್ಟು ಸರಿಯಿತು.

ಅಡುಗೆಮನೆಗೆ ಓಡಿ ಅಲ್ಲಿನ ಶಂಖದಲ್ಲಿ ಬೆಟ್ಟಕ್ಕೆ ಕೂಗಿದ. ನಾಗಿಯಜ್ಜಿ ಓಗೊಟ್ಟಳು. ತಾನು ಆಗಿನಿಂದ ಹಾಡುತ್ತಲೇ ಇದ್ದೇನೆ, ಆ ಕಡೆ ಯಾರೋ ಬಿಕ್ಕುವುದೂ ಕೇಳಿಸುತ್ತಿದೆ ಎಂದಳು. ಹೊರಗಿನ ಎಳೆ ಸರಿಯಿದೆ. ಹಾಗಾದರೆ ಹಾಡು ಯಾರ ಪಾಲಾಗುತ್ತಿದೆ? ಅವನು ಎಳೆಯ ಜಾಡು ಹಿಡಿದು ಕಂಬದತ್ತ ಓಡಿದ.

ಅಂಗಳದಲ್ಲಿ ಕಂಬ ಕಾಯುತ್ತ, ಬಂದ ದನಿಯನ್ನು ಹೆಸರು ನೋಡಿ ಹಂಚುವ ಸಿಂಹಮುಖದ ತಾಮ್ರದ ಯಾಳಿ ಹಲ್ಲು ಕಿರಿದು ಅಡ್ಡ ನಿಂತಿತು.

"ಪದ್ದಲೆಗೆ ಬಂದ ಹಾಡನ್ನು ಯಾರಿಗೆ ಕೊಟ್ಟೆ?"

"ಪದ್ದಲೆಗೇ ಕೊಟ್ಟೆ," ಎಂದಿತು ಯಾಳಿ. "ಇಬ್ಬರಲ್ಲಿ ಹಿರಿಯಳಿಗೆ."

ಇಂದುಧರನಿಗೆ ಥಟ್ಟನೆ ಹೊಳೆಯಿತು. ತಾಯಿಯ ತಾಯಿಯ ಹೆಸರನ್ನು ಮೊಮ್ಮಗಳಿಗೂ ಅವಳ ಶಂಖಕ್ಕೂ ಇಡುವುದು ಆ ಮನೆತನದ ರೂಢಿ. ತೀರಿಕೊಂಡವರ ಶಂಖದ ಎಳೆ ಬಿಚ್ಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ತೀರಿಕೊಂಡ ಅಜ್ಜಿಯ ಕೋಣೆಗೆ ಓಡಿ ನೋಡಿದರೆ, ರಾಣಿ ತನ್ನ ತಾಯಿಯ ಶಂಖವನ್ನು ಹೊರತೆಗೆದು, ಎಳೆ ಸಿಕ್ಕಿಸಿ, ಕಿವಿಗಿಟ್ಟುಕೊಂಡು ಅಳುತ್ತಿದ್ದಳು. ಮಗಳು ಎಲ್ಲಿ ಕೈತಪ್ಪುವಳೋ ಎಂಬ ಹೆದರಿಕೆಗೆ ಸತ್ತ ತಾಯಿಯನ್ನು ಕರೆದಿದ್ದಳು, ಪಾಪ.

"ನಮ್ಮಮ್ಮ ಹಾಡ್ತಿದ್ದಾಳೆ ಕಣೋ," ಎಂದಳು.

"ಅದು ಅಜ್ಜಿಯಲ್ಲಮ್ಮ, ನಾಗಿಯಜ್ಜಿ. ಆ ಹಾಡು ಪದ್ದಲೆಯ ಉಸಿರು. ಬಿಟ್ಟುಬಿಡು."

ರಾಣಿಯ ಬೆರಳು ಸಡಿಲವಾಗಲಿಲ್ಲ. ಗೋಡೆಯ ತುದಿಯಲ್ಲಿ ಬಿಸಿಲು ಗೆರೆಯಷ್ಟೇ ಉಳಿದಿತ್ತು. ಆಗ ಅವಳು ಕಣ್ಣುಮುಚ್ಚಿ, ತನ್ನ ಕೈಯಾರೆ ಎಳೆಯನ್ನು ಕಿತ್ತಳು.

ಮೇಲಿನ ಕೋಣೆಯಲ್ಲಿ ಹಾಡು ಎದ್ದಿತು. ಮಗುವಿನ ಮೂಗಿನಿಂದ ಕಪ್ಪು ಹೊಗೆ ಹೊರಬಿದ್ದು ಕರಗಿತು. ದೂರದ ಗುಹೆಯಲ್ಲಿ ಧೂಮಕನೂ ಹೊಗೆಯಾಗಿ ಹೋದ. ಪದ್ದಲೆ ಕಣ್ಣುಬಿಟ್ಟು, "ಅಮ್ಮ," ಎಂದಳು. ಈಗಷ್ಟೇ ಎರಡನೆಯ ಸಲ ತಾಯಿಯನ್ನು ಕಳೆದುಕೊಂಡಿದ್ದ ರಾಣಿ ಏದುಸಿರು ಬಿಡುತ್ತಾ ಬಂದು, "ಇಲ್ಲಿದ್ದೀನಿ ಮಗಳೇ," ಎಂದು ಅವಳನ್ನು ಎದೆಗವಚಿಕೊಂಡಳು. ಆ ಅರಮನೆಯವರೆಲ್ಲ ಬಹುಕಾಲ ನೆಮ್ಮದಿಯಾಗಿ ಬಾಳಿದರು.