ಬೇಡಿಕೆ ಮಂದ

ವ್ಯವಸ್ಥಾಪಕನ ಕುರ್ಚಿ ಯಜಮಾನರ ಅಳಿಯನ ಪಾಲಾದ ದಿನವೇ, ಈ ದನದ ಮಾರುಕಟ್ಟೆಗೆ ಮಣ್ಣು ಮುಕ್ಕಿಸಬೇಕೆಂದು ಧಾರಣೆ ಸಾಹೇಬರು ತೀರ್ಮಾನಿಸಿದರು. ಅಳಿಯನೆಂದರೆ ಹೋರಿ ಯಾವುದು, ಎತ್ತು ಯಾವುದು ಎಂದು ಇನ್ನೊಬ್ಬರನ್ನು ಕೇಳುವ ಆಸಾಮಿ. ಸಾಹೇಬರಾದರೋ ಮಾರುಕಟ್ಟೆಯ ಹಳೆಯ ನೌಕರರು, ಪ್ರತಿ ವಾರ ಹರಾಜು ಮುಗಿದ ಸಂಜೆ, ಯಾವ ದನಕ್ಕೆ ಬೆಲೆ ಏರಿತು, ಯಾವುದಕ್ಕೆ ಬೇಡಿಕೆ ಇಳಿಯಿತು ಎಂದು ರೇಡಿಯೋದಲ್ಲಿ ಇಡೀ ಸೀಮೆಗೆ ಹೇಳುವವರು. ಅದಕ್ಕೇ ಜನ ಅವರಿಗೆ ಆ ಹೆಸರಿಟ್ಟಿದ್ದರು. ಹೆಸರಿಟ್ಟರೇ ಹೊರತು ಕುರ್ಚಿ ಕೊಡಲಿಲ್ಲ.

ದನವೆಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹರಾಜಿನ ದಿನ ಊರೂರಿನ ಹಸುಗಳನ್ನು ತಂದು ಒಂದೇ ದೊಡ್ಡಿಗೆ ಬಿಡುತ್ತಿದ್ದರು. ಗುರುತು ಪರಿಚಯವಿಲ್ಲದ ಅವು ಬೆಳಗಿನಿಂದ ತಿವಿದಾಡಿ, ಕೂಗಾಡಿ ಪ್ರಾಣ ತಿನ್ನುತ್ತಿದ್ದವು. ಸಾಹೇಬರು ಕಿವಿಗೆ ಹತ್ತಿ ತುರುಕಿಕೊಂಡು, ದೊಡ್ಡಿಗೆ ಬೆನ್ನು ಹಾಕಿ, ಎದುರಿನ ಹಲಗೆಯ ಮೇಲೆ ಬರೆಯುವ ಬೆಲೆಗಳನ್ನಷ್ಟೇ ನೋಡುತ್ತ ಕೂರುತ್ತಿದ್ದರು. ದನ ಸಾಕುವವರ ವಿಷಯದಲ್ಲೂ ಅವರ ಅಭಿಪ್ರಾಯ ಇದಕ್ಕಿಂತ ಮೇಲಿರಲಿಲ್ಲ. ತಮ್ಮ ಕಣ್ಣಿಗಿಂತ ರೇಡಿಯೋವನ್ನು ಹೆಚ್ಚು ನಂಬುವ ಮಂದಿ ಅವರು.

ಆ ನಂಬಿಕೆಯೇ ಸಾಹೇಬರ ಬಂಡವಾಳವಾಯಿತು. ಮೊದಲ ವಾರ, ಹಾಲು ಕರೆಯುವ ಹಸುಗಳಿಗೆ ಬೇಡಿಕೆ ಕೊಂಚ ಮಂದ ಎಂದರು. ಮರುವಾರ ಕೊಳ್ಳುವವರ ಉತ್ಸಾಹ ಕುಗ್ಗಿದೆ ಎಂದರು. ಮೂರನೆಯ ವಾರ ಹಸುಗಳ ಸುದ್ದಿ ಬಂದಾಗ ಒಂದು ಸಣ್ಣ ನಿಟ್ಟುಸಿರು ಬಿಟ್ಟರು, ಅಷ್ಟೆ. ನಿಜದಲ್ಲಿ ಬೆಲೆ ಇದ್ದಲ್ಲೇ ಇತ್ತು. ಹರಾಜಿಗೆ ಬಂದು ಒಳ್ಳೆಯ ಬೆಲೆ ಗಿಟ್ಟಿಸಿದವರು ಅದು ತಮ್ಮೊಬ್ಬರ ಅದೃಷ್ಟವೆಂದುಕೊಂಡು, ದೃಷ್ಟಿಯಾದೀತೆಂದು ಬಾಯಿ ಮುಚ್ಚಿಕೊಂಡಿದ್ದರು. ಇದನ್ನೂ ಸಾಹೇಬರು ಮೊದಲೇ ಲೆಕ್ಕ ಹಾಕಿದ್ದರು.

ಮಿಕ್ಕವರ ಬಾಗಿಲಿಗೆ ಸಾಹೇಬರ ಬಾಮೈದ ಹೋಗುತ್ತಿದ್ದ. ಧಾರಣೆ ಬಿದ್ದುಹೋಗಿದೆ, ಆದರೂ ನಿಮ್ಮ ಮುಖ ನೋಡಿ ಇಷ್ಟಾದರೂ ಕೊಡುತ್ತೇನೆ ಎಂದು ಅರ್ಧ ಬೆಲೆಗೆ ಹಸು ಹೊಡೆದುಕೊಂಡು ಬರುತ್ತಿದ್ದ. ಕಾಲು ಎಳೆಯುವ ಕುಂಟಿ ಹಸುವನ್ನು ಮಾರಿದ ಒಬ್ಬ ಹೆಂಗಸು ಅದರ ಕೊರಳು ತಬ್ಬಿ ಅತ್ತು, ಆಮೇಲೆ ಅವನಿಗೇ ಕೈ ಮುಗಿದಳಂತೆ. ಅದನ್ನು ಕೇಳಿ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಊರಾಚೆಯ ಹಾಳು ಇಟ್ಟಿಗೆ ಗೂಡಿನ ಅಂಗಳ ಹಸುಗಳಿಂದ ತುಂಬಿತು. ಎರಡು ತಿಂಗಳ ಕಾಲ ಬಾಮೈದನೇ ಅವುಗಳ ಮೇವು, ನೀರು, ಹಾಲು ನೋಡಿಕೊಂಡ. ಒಂದು ದಿನ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಅಲ್ಲಿಗೆ ಹೋದಾಗ ಅವನು ಹೆಮ್ಮೆಯಿಂದ ಹೇಳಿದ:

"ಮೊದಮೊದಲು ಒಂದಕ್ಕೊಂದು ಆಗ್ತಿರ್ಲಿಲ್ಲ ಭಾವ, ಬರೀ ತಿವಿದಾಟ. ಈಗ ನೋಡಿ, ಅಕ್ಕತಂಗೀರ ಥರ ಹೊಂದ್ಕೊಂಡಿವೆ. ನನ್ನ ಕಂಡ್ರೆ ಸಾಕು, ಕುಂಟಿ ಮುಂದೆ, ಮಿಕ್ಕವೆಲ್ಲ ಹಿಂದೆ."

"ಅವುಗಳ ಸಂಸಾರ ಕಟ್ಕೊಂಡು ನನಗೇನಾಗ್ಬೇಕು? ಕಿವಿಯ ಬಿಲ್ಲೆ ಬದಲಾಯ್ಸು, ಸಾಕು," ಎಂದರು ಸಾಹೇಬರು.

ಮಾರುಕಟ್ಟೆಯ ನೌಕರರಾಗಲಿ, ಅವರ ನೆಂಟರಿಷ್ಟರಾಗಲಿ ಅಲ್ಲಿ ದನ ಮಾರುವಂತಿರಲಿಲ್ಲ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಜೈಲೂ ಕಾದಿರುತ್ತದೆ. ಹಾಗಾಗಿ ಒಂದೊಂದು ಹಸುವೂ ಒಂದೊಂದು ಊರಿನದೆಂದು ಬರಬೇಕಿತ್ತು. ಕಿವಿಗೆ ಹೊಸ ಬಿಲ್ಲೆ ಬಿತ್ತು. ಬೇರೆ ಬೇರೆ ಬಣ್ಣದ ಹಗ್ಗ ಬಂತು. ಒಂದರ ಗೊರಸಿಗೆ ಕೆಂಪು ಮಣ್ಣು, ಇನ್ನೊಂದರದಕ್ಕೆ ಕಪ್ಪು ಮಣ್ಣು ಮೆತ್ತಿಸಿದರು. ಕೂಲಿಗೆ ಬಂದ ಅಪರಿಚಿತರು ಬೇರೆ ಬೇರೆ ಗಾಡಿಗಳಲ್ಲಿ, ಬೇರೆ ಬೇರೆ ದಾರಿಗಳಿಂದ ಹಸುಗಳನ್ನು ತರಬೇಕೆಂದು ಗೊತ್ತಾಯಿತು. ಕೆಂಪು ಮಣ್ಣಿನ ಉಪಾಯ ಹೊಳೆದಾಗಲಂತೂ ಸಾಹೇಬರಿಗೆ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವಂತಾಯಿತು. ಆ ವಾರದ ಧಾರಣೆಯಲ್ಲಿ, ಕರೆಯುವ ಹಸುಗಳಿಗೆ ಎಲ್ಲಿಲ್ಲದ ಬೇಡಿಕೆ ಎಂದು ಸಾರಿದರು. ದೂರದೂರದ ಗಿರಾಕಿಗಳು ಮುಗಿಬಿದ್ದರು. ಮಾರಲು ಬೇರೆ ಯಾರ ಬಳಿಯೂ ಹಸು ಉಳಿದಿರಲಿಲ್ಲ.

ಹರಾಜಿನ ಬೆಳಿಗ್ಗೆ ಸಾಹೇಬರು ಬಾಮೈದನನ್ನೂ ಜೊತೆಗೆ ಕರೆತಂದು ತಮ್ಮ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡರು. ಇಂಥ ಬುದ್ಧಿಯನ್ನು ಮೆಚ್ಚಲು ಒಬ್ಬನಾದರೂ ಬೇಡವೇ? ಅಳಿಯ ಬಾಗಿಲಲ್ಲಿ ಬಿಲ್ಲೆ ನೋಡಿದ, ಗೊರಸು ನೋಡಿದ, ತಲೆಯಾಡಿಸಿ ಒಳಗೆ ಬಿಟ್ಟ. ಯಜಮಾನರು ಎಂದಿನಂತೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ತೂಕಡಿಸುವ ಈ ಮುದುಕನಿಗೆ ಇಷ್ಟು ದಿನ ಹೆದರಿದ್ದೆನಲ್ಲ ಎಂದು ಸಾಹೇಬರಿಗೆ ತಮ್ಮ ಮೇಲೇ ನಾಚಿಕೆಯಾಯಿತು. ಕಿವಿಗೆ ಹತ್ತಿ ತುರುಕಿಕೊಂಡು, ದೊಡ್ಡಿಗೆ ಬೆನ್ನು ಹಾಕಿ, ಹಲಗೆಯತ್ತ ಮುಖ ಮಾಡಿ ಕೂತರು. ಹಲಗೆಯ ಮೇಲೆ ಬೆಲೆ ಏರುತ್ತಿತ್ತು.

ಹಲಗೆ ಬರೆಯುವವನ ಕೈ ನಡುವೆಯೇ ನಿಂತಿತು. ಎಲ್ಲರೂ ತಮ್ಮ ಹಿಂದೆ ಏನನ್ನೋ ನೋಡುತ್ತಿದ್ದಾರೆಂದು ಗೊತ್ತಾದಾಗ ಸಾಹೇಬರು ಹತ್ತಿ ತೆಗೆದರು. ಆಗಲೂ ಏನೂ ಕೇಳಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ದೊಡ್ಡಿ ನಿಶ್ಶಬ್ದವಾಗಿತ್ತು. "ಊರಿಗೊಂದು ಹಸು ಬಂದಿದೆ ಅಂದ್ರಿ," ಎಂದರು ಯಜಮಾನರು ಅಳಿಯನಿಗೆ, ಈಗ ಕಣ್ಣು ತೆರೆದು. "ಹಾಗಾದ್ರೆ ಇವು ಯಾಕೆ ತಿವಿದಾಡ್ತಿಲ್ಲ? ಇವೆಲ್ಲ ಒಂದೇ ಮನೇವು. ಆ ಮನೆ ಯಾರದ್ದು?" ಸಾಹೇಬರು ತಿರುಗಿ ನೋಡಿದರು. ಕುಂಟಿ ಮುಂದೆ, ಮಿಕ್ಕವೆಲ್ಲ ಅದರ ಹಿಂದೆ, ಹಸುಗಳು ಸಾಲಾಗಿ ಬೇಲಿಯ ಹತ್ತಿರ ಬಂದು ಅವರ ಕುರ್ಚಿಯ ಪಕ್ಕಕ್ಕೆ ಕತ್ತು ಚಾಚಿ ನಿಂತಿದ್ದವು. ಕುಂಟಿ ಬಾಮೈದನ ತೋಳು ನೆಕ್ಕುತ್ತಿತ್ತು.